ಲಕ್ಷಣ ಹೋಯಿತು ಎಂದು ಸುಮ್ಮನಾಗಬೇಡಿ: ಟಿಐಎ ಗುರುತಿಸುವ ಬಗೆ

ಟಿಐಎ (ಟ್ರಾನ್ಸಿಯೆಂಟ್ ಇಸ್ಕೀಮಿಕ್ ಅಟ್ಯಾಕ್) ಎಂದರೆ ಸ್ವಲ್ಪ ಹೊತ್ತು ಸ್ಟ್ರೋಕ್‌ನ ಲಕ್ಷಣ ತೋರಿಸಿ ತಾನಾಗಿ ಹೋಗುವ ತೊಂದರೆ. ಅದು ಆದವರು ಆಸ್ಪತ್ರೆ ತಲುಪುವ ಹೊತ್ತಿಗೆ ಬಹುಪಾಲು ಮೊದಲಿನಂತೆಯೇ ಆಗಿರುತ್ತಾರೆ. ತಾವೇ ನಡೆದು ಬರುತ್ತಾರೆ, ಸ್ಪಷ್ಟವಾಗಿ ಮಾತಾಡುತ್ತಾರೆ. "ನನಗೇನೂ ಆಗಿಲ್ಲ, ಇವರು ಸುಮ್ನೆ ಗಾಬರಿಯಾಗಿದ್ದಾರೆ" ಎನ್ನುತ್ತಾರೆ. ಬಿಪಿ ನೋಡಿದರೆ ಸ್ವಲ್ಪ ಜಾಸ್ತಿ, ಅಷ್ಟೇ. ಎರಡೂ ಕೈಗಳ ಬಲ ಸಮ. ಇದನ್ನು ಹಿಡಿಯುವುದು ಕಷ್ಟವಾಗುವುದು ಇದಕ್ಕೇ. ಎದುರಿಗೆ ಕೂತವರ ಮೈಯಲ್ಲಿ ರೋಗದ ಗುರುತೇ ಉಳಿದಿರುವುದಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಏನಾಯಿತು ಎಂಬ ವಿವರ ಮಾತ್ರ ಉಳಿದಿರುತ್ತದೆ. ಆ ವಿವರವನ್ನು ತಾಳ್ಮೆಯಿಂದ ಕೇಳಿ ತೆಗೆದವರು ಟಿಐಎ ಹಿಡಿಯುತ್ತಾರೆ. ಕೇಳದವರು ಒಂದು ಬಿಪಿ ಮಾತ್ರೆ ಕೊಟ್ಟು ಮನೆಗೆ ಕಳಿಸುತ್ತಾರೆ.

ಇದು ಮನೆಯವರಿಗೂ ಬೇಕಾದ ವಿಷಯ. ಆಂಬ್ಯುಲೆನ್ಸ್‌ನಲ್ಲಿ, ತುರ್ತು ವಿಭಾಗದಲ್ಲಿ ರೋಗಿಯನ್ನು ಮೊದಲು ಮಾತಾಡಿಸುವವರಿಗಂತೂ ಇನ್ನೂ ಬೇಕು.

ಏನಿದು, ಯಾಕಿಷ್ಟು ಅವಸರ

ಮಿದುಳಿಗೆ ಅಥವಾ ಕಣ್ಣಿನ ಹಿಂಭಾಗದ ಅಕ್ಷಿಪಟಲಕ್ಕೆ (ರೆಟಿನಾ) ಹೋಗುವ ರಕ್ತನಾಳದಲ್ಲಿ ಸ್ವಲ್ಪ ಹೊತ್ತು ರಕ್ತದ ಓಟಕ್ಕೆ ತಡೆ ಬಿದ್ದರೆ ಟಿಐಎ ಆಗುತ್ತದೆ. ಜನ ಇದನ್ನು ಮಿನಿ ಸ್ಟ್ರೋಕ್ ಎನ್ನುತ್ತಾರೆ. ಹೆಪ್ಪುಗಟ್ಟಿದ ರಕ್ತದ ಸಣ್ಣ ಚೂರು ಕತ್ತಿನ ರಕ್ತನಾಳದಿಂದಲೋ ಹೃದಯದಿಂದಲೋ ಕಿತ್ತು ಬಂದು ಮಿದುಳಿನ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಅದು ತಾನಾಗಿ ಕರಗುತ್ತದೆ ಇಲ್ಲವೇ ಮುಂದೆ ಸರಿಯುತ್ತದೆ. ರಕ್ತ ಮತ್ತೆ ಹರಿಯುತ್ತದೆ, ಲಕ್ಷಣ ಹೋಗುತ್ತದೆ. ಆದರೆ ಚೂರು ಎಲ್ಲಿಂದ ಬಂತೋ ಆ ಜಾಗ ಹಾಗೇ ಇರುತ್ತದೆ ಅಲ್ವಾ? ಮುಂದಿನ ಚೂರು ಕರಗುತ್ತದೆ ಎಂದು ಯಾರೂ ಹೇಳಲಾಗದು.

ಹಿಂದೆ 24 ಗಂಟೆಯೊಳಗೆ ಲಕ್ಷಣ ಪೂರ್ತಿ ಹೋದರೆ ಟಿಐಎ ಎನ್ನುತ್ತಿದ್ದರು. 2009ರಲ್ಲಿ ಅಮೆರಿಕದ ತಜ್ಞರು ಆ ಗಡಿಯಾರದ ಲೆಕ್ಕವನ್ನು ಕೈಬಿಟ್ಟರು. ಮಿದುಳಿನ ಭಾಗ ಸತ್ತಿದೆಯೋ ಇಲ್ಲವೋ ಎಂಬುದರ ಮೇಲೆ ಈಗ ತೀರ್ಮಾನ. ಇದಕ್ಕೆ ಕಾರಣವಿದೆ. ಲಕ್ಷಣ ಪೂರ್ತಿ ಹೋದವರಿಗೆ ಎಂಆರ್‌ಐ ಮಾಡಿಸಿದರೆ ಸುಮಾರು ಮೂವರಲ್ಲಿ ಒಬ್ಬರ ಮಿದುಳಿನಲ್ಲಿ ಹೊಸ ಗಾಯ ಕಾಣುತ್ತದೆ. ಅಂದರೆ ಅವರಿಗೆ ಆಗಿದ್ದು ಸ್ಟ್ರೋಕೇ. ಹೆಚ್ಚಿನ ಟಿಐಎಗಳು ಒಂದು ಗಂಟೆಯೊಳಗೆ, ಎಷ್ಟೋ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತವೆ. ಹಾಗಾಗಿ "24 ಗಂಟೆ ನೋಡೋಣ" ಎಂಬ ಮಾತಿಗೆ ಈಗ ಯಾವ ಆಧಾರವೂ ಇಲ್ಲ.

ಅವಸರ ಯಾಕೆ ಎಂದರೆ, ಟಿಐಎ ನಂತರ 90 ದಿನಗಳಲ್ಲಿ ಹತ್ತರಲ್ಲಿ ಒಬ್ಬರಿಗೆ ಸ್ಟ್ರೋಕ್ ಆಗುತ್ತದೆ ಎಂದು 2000ದ ಆಸುಪಾಸಿನ ಅಧ್ಯಯನಗಳು ಕಂಡುಕೊಂಡವು. ಅದರಲ್ಲಿ ಅರ್ಧದಷ್ಟು ಮೊದಲ ಎರಡು ದಿನಗಳಲ್ಲೇ ಆಗುತ್ತಿತ್ತು. ಇನ್ನೊಂದು ಕಡೆ ನೋಡಿದರೆ, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ತುಂಬ ಭರವಸೆ ಕೊಟ್ಟಿತು. ತಡಮಾಡದೆ ಪರೀಕ್ಷೆ ಮಾಡಿ ಚಿಕಿತ್ಸೆ ಶುರು ಮಾಡಿದಾಗ, 90 ದಿನಗಳಲ್ಲಿ ಮತ್ತೆ ಸ್ಟ್ರೋಕ್ ಆಗುವ ಪ್ರಮಾಣ ಶೇ. 10.3ರಿಂದ ಶೇ. 2.1ಕ್ಕೆ ಇಳಿಯಿತು. ದುಬಾರಿ ಯಂತ್ರದಿಂದ ಆದದ್ದಲ್ಲ ಅದು. ಗೊತ್ತಿದ್ದ ಔಷಧಗಳನ್ನೇ ಬೇಗ ಕೊಟ್ಟಿದ್ದರಿಂದ ಆದದ್ದು.

ಹಂತ 1: ಲಕ್ಷಣ ಈಗಲೂ ಇದೆಯಾ?

ಮೊದಲ ಪ್ರಶ್ನೆ ಇದೇ. ನೀವು ನೋಡುವಾಗ ಲಕ್ಷಣ ಇನ್ನೂ ಇದ್ದರೆ ಅದನ್ನು ಸ್ಟ್ರೋಕ್ ಎಂದೇ ತಿಳಿದು ನಡೆದುಕೊಳ್ಳಿ. ಟಿಐಎ ಎಂಬ ಹೆಸರು ಎಲ್ಲ ಮುಗಿದ ಮೇಲೆ ಇಡುವುದು. "ಸರಿಹೋಗಬಹುದು, ಅರ್ಧ ಗಂಟೆ ಮಲಗಿಸೋಣ" ಎಂದು ಕಾದರೆ, ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಸಮಯ ಕೈಬಿಟ್ಟು ಹೋಗುತ್ತದೆ. ಸಾಮಾನ್ಯವಾಗಿ ಆ ಇಂಜೆಕ್ಷನ್ ಕೊಡುವುದು ಲಕ್ಷಣ ಶುರುವಾದ 4.5 ಗಂಟೆಯೊಳಗೆ. ಬೇಗ ಕೊಟ್ಟಷ್ಟೂ ಒಳ್ಳೆಯದು.

ನೋಡಲು ಒಂದು ನಿಮಿಷ ಸಾಕು. ನಗಲು ಹೇಳಿ, ಬಾಯಿ ಒಂದು ಕಡೆ ಸೊಟ್ಟವಾಗುತ್ತದಾ? ಕಣ್ಣು ಮುಚ್ಚಿಸಿ ಎರಡೂ ಕೈಗಳನ್ನು ಅಂಗೈ ಮೇಲೆ ಮಾಡಿ ಮುಂದಕ್ಕೆ ಚಾಚಲು ಹೇಳಿ, ಹತ್ತು ಸೆಕೆಂಡ್‌ನಲ್ಲಿ ಒಂದು ಕೈ ಕೆಳಗಿಳಿಯುತ್ತದಾ, ಅಂಗೈ ಒಳಕ್ಕೆ ತಿರುಗುತ್ತದಾ? ಒಂದು ಸರಳ ವಾಕ್ಯ ಹೇಳಿಸಿ, ಮಾತು ತೊದಲುತ್ತದಾ, ಪದ ತಪ್ಪುತ್ತದಾ? ಆಮೇಲೆ ನಿಂತರೆ ಒಂದು ಕಡೆಗೆ ವಾಲುತ್ತಾರಾ, ಕಣ್ಣು ಸರಿಯಾಗಿ ಕಾಣುತ್ತದಾ ಎಂದೂ ನೋಡಿ. ಒಂದರಲ್ಲಿ ತಪ್ಪು ಕಂಡರೂ ತಕ್ಷಣ ಆಂಬ್ಯುಲೆನ್ಸ್ ಕರೆಸಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿ.

ಗಡಿಯಾರ ನೋಡಿ ಬರೆದುಕೊಳ್ಳಿ. ಲಕ್ಷಣ ಕಂಡ ಹೊತ್ತು ಒಂದು. ಕೊನೆಯ ಬಾರಿ ಅವರು ಸರಿಯಾಗಿದ್ದುದನ್ನು ಯಾರಾದರೂ ಕಂಡ ಹೊತ್ತು ಇನ್ನೊಂದು. ನಿದ್ದೆಯಿಂದ ಏಳುವಾಗಲೇ ಕೈ ಎತ್ತಲಾಗದಿದ್ದರೆ ಎದ್ದ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ. ಮಲಗುವಾಗ ಸರಿ ಇದ್ದ ಹೊತ್ತೇ ಲೆಕ್ಕ.

ಇನ್ನು ಮಾಡಬಾರದ್ದು. ತಿನ್ನಲು, ಕುಡಿಯಲು ಕೊಡಬೇಡಿ, ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಆಸ್ಪಿರಿನ್ ಮನೆಯಲ್ಲೇ ಕೊಡಬೇಡಿ. ಮಿದುಳಿನಲ್ಲಿ ರಕ್ತ ಸೋರುತ್ತಿದ್ದರೂ ಲಕ್ಷಣ ಹೀಗೇ ಇರುತ್ತದೆ, ಸ್ಕ್ಯಾನ್ ಇಲ್ಲದೆ ಬೇರೆ ಮಾಡಲು ಬರುವುದಿಲ್ಲ. ಬಿಪಿ ಜಾಸ್ತಿ ಕಂಡಿತೆಂದು ಹೆಚ್ಚುವರಿ ಬಿಪಿ ಮಾತ್ರೆಯನ್ನೂ ಕೊಡಬೇಡಿ. ರಕ್ತ ಸಾಲದ ಮಿದುಳಿಗೆ ಆ ಹೊತ್ತಿನಲ್ಲಿ ಬಿಪಿ ತಟ್ಟನೆ ಇಳಿದರೆ ಇನ್ನೂ ಕೆಟ್ಟದು.

ಲಕ್ಷಣ ಪೂರ್ತಿ ಹೋಗಿದ್ದರೂ ಅದೇ ದಿನ, ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು. ರೋಗಿ ತಾವೇ ಗಾಡಿ ಓಡಿಸಿಕೊಂಡು ಹೋಗಬಾರದು.

ಹಂತ 2: ನಡೆದದ್ದನ್ನು ಕೇಳಿ ತೆಗೆಯುವುದು

ಹೆಚ್ಚು ಸಮಯ ಕೊಡಬೇಕಾದ್ದು ಇದಕ್ಕೆ. ಟಿಐಎಯನ್ನು ಖಚಿತವಾಗಿ ಹೇಳುವ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಎಷ್ಟೋ ಸಲ ಏನನ್ನೂ ತೋರಿಸುವುದಿಲ್ಲ. ಕೇಳುವುದೇ ಪರೀಕ್ಷೆ.

"ಏನಾಯಿತು?" ಎಂದು ಕೇಳಿ, ಮಧ್ಯೆ ಬಾಯಿ ಹಾಕದೆ ಅವರಿಗೆ ಹೇಳಲು ಬಿಡಿ. ಆಮೇಲೆ ಆ ಕ್ಷಣಕ್ಕೇ ಮತ್ತೆ ಕರೆತನ್ನಿ. ಆಗ ಏನು ಮಾಡುತ್ತಿದ್ದಿರಿ? ಕೈಯಲ್ಲಿ ಏನಿತ್ತು? ಅದು ಬಿತ್ತಾ, ನೀವೇ ಕೆಳಗಿಟ್ಟಿರಾ? ಸುಸ್ತಿನಿಂದ ಕೈ ಸೋತವರು ವಸ್ತುವನ್ನು ಕೆಳಗಿಡುತ್ತಾರೆ. ಟಿಐಎ ಆದವರ ಕೈಯಿಂದ ಅದು ಜಾರುತ್ತದೆ.

ಇದ್ದಕ್ಕಿದ್ದಂತೆ ಆಯಿತಾ, ನಿಧಾನವಾಗಿ ಏರಿತಾ? ಟಿಐಎ ಹಠಾತ್ತಾಗಿ ಬರುತ್ತದೆ. ಒಂದೇ ಸಲಕ್ಕೆ, ಮುಖ ಕೈ ಕಾಲು ಯಾವ್ಯಾವುದಕ್ಕೆ ಆಗಬೇಕೋ ಎಲ್ಲಕ್ಕೂ ಒಟ್ಟಿಗೆ ಆಗಿಬಿಡುತ್ತದೆ. ಬೆರಳಲ್ಲಿ ಶುರುವಾಗಿ ಮೊಣಕೈಗೆ, ಅಲ್ಲಿಂದ ಮುಖಕ್ಕೆ ಹತ್ತು ನಿಮಿಷದಲ್ಲಿ ಹರಡಿತು ಎಂದರೆ ಮೈಗ್ರೇನ್ ಇರಬಹುದೇ ಎಂದು ಯೋಚಿಸಬೇಕು.

ಏನೋ ಕಳೆದುಹೋಯಿತಾ, ಏನೋ ಹೊಸದಾಗಿ ಸೇರಿಕೊಂಡಿತಾ? ಈ ಪ್ರಶ್ನೆ ತುಂಬ ಕೆಲಸಕ್ಕೆ ಬರುತ್ತದೆ. ಬಲ ಹೋಯಿತು, ಮಾತು ಹೋಯಿತು, ದೃಷ್ಟಿ ಹೋಯಿತು, ಸ್ಪರ್ಶ ತಿಳಿಯಲಿಲ್ಲ, ಹೀಗೆ ಕಳೆದುಕೊಳ್ಳುವುದು ಟಿಐಎಯ ರೀತಿ. ಮಿಂಚು ಕಂಡಿತು, ಅಂಕುಡೊಂಕು ಗೆರೆ ಕಂಡಿತು, ಕೈ ಕುಣಿಯಿತು, ಇವು ಸಾಮಾನ್ಯವಾಗಿ ಮೈಗ್ರೇನ್ ಅಥವಾ ಫಿಟ್ಸ್ ಕಡೆಗೆ ಬೊಟ್ಟು ಮಾಡುತ್ತವೆ.

"ಜೋಮು ಹಿಡಿದಿತ್ತು" ಎಂಬ ಮಾತನ್ನು ಅಲ್ಲಿಗೇ ಬಿಡಬೇಡಿ. ಕೆಲವರು ಬಲ ಇಲ್ಲದ್ದನ್ನೂ ಜೋಮು ಎನ್ನುತ್ತಾರೆ. ಮುಟ್ಟಿದರೆ ತಿಳಿಯುತ್ತಿರಲಿಲ್ಲವಾ, ಎತ್ತಲು ಆಗಲಿಲ್ಲವಾ ಎಂದು ಬಿಡಿಸಿ ಕೇಳಿ. "ತಲೆ ತಿರುಗಿತು" ಎಂಬುದೂ ಹಾಗೆಯೇ. ಸುತ್ತಲಿನದೆಲ್ಲ ಗಿರಗಿರ ತಿರುಗಿತಾ, ಕಣ್ಣು ಕತ್ತಲಾಗಿ ಬೀಳುವಂತಾಯಿತಾ, ತಲೆ ಸರಿ ಇದ್ದು ಕಾಲು ಮಾತ್ರ ಓಲಾಡಿತಾ? ಮೂರೂ ಬೇರೆ ಬೇರೆ. ತಲೆಸುತ್ತಿನ ಜೊತೆಗೆ ಎರಡೆರಡು ಕಂಡಿದ್ದರೆ, ಮಾತು ತೊದಲಿದ್ದರೆ, ನುಂಗಲು ಕಷ್ಟವಾಗಿದ್ದರೆ, ಹೆಜ್ಜೆ ಒಂದು ಕಡೆಗೆ ಎಳೆದಿದ್ದರೆ ಮಿದುಳಿನ ಹಿಂಭಾಗಕ್ಕೆ ರಕ್ತ ಕೊಡುವ ನಾಳಗಳ ಟಿಐಎ ಎಂದು ಅನುಮಾನಿಸಿ. ಬಾಯಿ ಸೊಟ್ಟವಾಗದ, ಕೈ ಬೀಳದ ಇಂಥ ಟಿಐಎಗಳೇ ಹೆಚ್ಚು ತಪ್ಪಿಹೋಗುವುದು.

ಮಾತಿನ ವಿಷಯದಲ್ಲಿ ಇನ್ನೊಂದು ವ್ಯತ್ಯಾಸವಿದೆ. ಉಚ್ಚಾರ ತೊದಲಿತಾ, ಬೇಕಾದ ಪದವೇ ಸಿಗಲಿಲ್ಲವಾ? ಬೇರೆಯವರು ಹೇಳಿದ್ದು ಅರ್ಥವಾಗುತ್ತಿತ್ತಾ? ಪದವೇ ತಪ್ಪಿದ್ದರೆ ಸಾಮಾನ್ಯವಾಗಿ ಮಿದುಳಿನ ಎಡಭಾಗದ ತೊಂದರೆ. ಜೊತೆಗೆ ಬಲಗೈ ಸೋತಿದ್ದರೆ ಎರಡೂ ಒಂದಕ್ಕೊಂದು ಹೊಂದುತ್ತವೆ. ಹೀಗೆ ಹೊಂದುವ ವಿವರ ಸಿಕ್ಕಿತೆಂದರೆ ಅನುಮಾನ ಬಲವಾಗುತ್ತದೆ.

ಕಣ್ಣಿನ ಬಗ್ಗೆ ಕೇಳುವಾಗ, "ಆಗ ಒಂದೊಂದೇ ಕಣ್ಣು ಮುಚ್ಚಿ ನೋಡಿದ್ದಿರಾ?" ಎಂದು ಕೇಳಿ. ಎಡಗಡೆಯ ನೋಟ ಹೋದವರು ಎಡಗಣ್ಣೇ ಹೋಯಿತು ಎಂದುಕೊಳ್ಳುತ್ತಾರೆ. ಒಂದೇ ಕಣ್ಣಿಗೆ, ನೋವಿಲ್ಲದೆ, ಮೇಲಿನಿಂದ ಪರದೆ ಇಳಿದಂತೆ ಕತ್ತಲಾಗಿ ಕೆಲವು ನಿಮಿಷದಲ್ಲಿ ತಿಳಿಯಾಯಿತು ಎಂದರೆ ಅದೇ ಕಡೆಯ ಕತ್ತಿನ ರಕ್ತನಾಳ ಕಿರಿದಾಗಿರುವ ಸಾಧ್ಯತೆ ಇದೆ. ಇಂಥವರು ಕನ್ನಡಕದ ನಂಬರ್ ಬದಲಾಗಿದೆ ಎಂದುಕೊಂಡು ವಾರಗಟ್ಟಲೆ ಮುಂದೂಡುತ್ತಾರೆ. ಇದೂ ಕೈ ಬಿದ್ದುಹೋದಷ್ಟೇ ತುರ್ತು. 50 ದಾಟಿದವರಿಗೆ ಇದರ ಜೊತೆ ಹೊಸ ತಲೆನೋವು, ಅಗಿಯುವಾಗ ದವಡೆ ನೋವು ಇದ್ದರೆ ವೈದ್ಯರಿಗೆ ಬಿಡದೆ ಹೇಳಿ. ಅದು ರಕ್ತನಾಳದ ಉರಿಯೂತ ಇರಬಹುದು, ತಡವಾದರೆ ದೃಷ್ಟಿಯೇ ಹೋಗುತ್ತದೆ.

ಎಷ್ಟು ಹೊತ್ತು ಇತ್ತು, ಇದೇ ಮೊದಲಾ ಎಂದು ಕೇಳಿ. "ಹೋದ ವಾರವೂ ಒಮ್ಮೆ ಹೀಗಾಗಿತ್ತು, ಹೇಳಲಿಲ್ಲ" ಎಂಬ ಉತ್ತರ ಸಾಮಾನ್ಯ. ಪದೇ ಪದೇ, ಹತ್ತಿರ ಹತ್ತಿರ ಬರುತ್ತಿದ್ದರೆ ಅಪಾಯ ಇನ್ನೂ ಹತ್ತಿರ ಇದೆ. ಅಂಥವರನ್ನು ಮನೆಗೆ ಕಳಿಸಲೇಬಾರದು.

ಕಣ್ಣಾರೆ ಕಂಡವರನ್ನು ಬೇರೆಯಾಗಿ ಕೇಳಿ. ತನ್ನ ಮಾತು ತಪ್ಪಿದ್ದು ರೋಗಿಗೆ ಗೊತ್ತೇ ಆಗಿರುವುದಿಲ್ಲ, ಬಾಯಿ ಸೊಟ್ಟವಾದದ್ದೂ ಕಂಡಿರುವುದಿಲ್ಲ. ಕಂಡವರು ಜೊತೆಗೆ ಬಂದಿಲ್ಲದಿದ್ದರೆ ಫೋನ್ ಮಾಡಿ. ಎರಡು ನಿಮಿಷದ ಆ ಫೋನ್ ಕರೆ ಎಷ್ಟೋ ಸಲ ಸ್ಕ್ಯಾನ್‌ಗಿಂತ ಹೆಚ್ಚು ಹೇಳುತ್ತದೆ.

ಹಂತ 3: ಕೈಗೆಟಕುವ ಪರೀಕ್ಷೆಗಳು

ಬೆರಳು ಚುಚ್ಚಿ ಶುಗರ್ ನೋಡುವುದು ಮೊದಲು. ಶುಗರ್ ತೀರಾ ಇಳಿದಾಗ ಒಂದು ಕಡೆಯ ಕೈಕಾಲು ಬಿದ್ದುಹೋಗಿ ಥೇಟ್ ಸ್ಟ್ರೋಕ್‌ನಂತೆ ಕಾಣಬಹುದು. 70ಕ್ಕಿಂತ ಕೆಳಗಿದ್ದರೆ ಅದನ್ನು ಮೊದಲು ಸರಿಪಡಿಸಬೇಕು. ಶುಗರ್ ಏರಿದ ಮೇಲೂ ಲಕ್ಷಣ ಉಳಿದರೆ ಸ್ಟ್ರೋಕ್ ದಾರಿಯಲ್ಲೇ ಮುಂದುವರಿಯಿರಿ.

ನಾಡಿಯನ್ನು ಕೈಯಿಂದಲೇ ಹಿಡಿದು ನೋಡಿ, ಬಡಿತ ಅಡ್ಡಾದಿಡ್ಡಿ ಇದೆಯಾ? ಇಸಿಜಿ ತೆಗೆಯಿರಿ. ಹೃದಯದ ಮೇಲ್ಗೋಣೆಗಳು ಲಯ ತಪ್ಪಿ ಅದುರುತ್ತಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದು. ಈ ಲಯದೋಷ ಬಂದು ಹೋಗುವಂಥದ್ದು. ಒಂದು ಇಸಿಜಿಯಲ್ಲಿ ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ.

ಮಂಚದ ಮೇಲೆ ಮಾಡುವ ಪರೀಕ್ಷೆ ಎಲ್ಲ ಸರಿ ಇದ್ದರೂ ಒಮ್ಮೆ ಎಬ್ಬಿಸಿ ನಡೆಸಿ, ಪಕ್ಕದಲ್ಲಿ ಒಬ್ಬರು ಹಿಡಿಯಲು ನಿಂತಿರಲಿ. ಕಿರುಮಿದುಳಿನ ಸ್ಟ್ರೋಕ್ ಆದವರು ಮಲಗಿದ್ದಾಗ ಪೂರ್ತಿ ಸರಿಯಾಗಿ ಕಾಣುತ್ತಾರೆ, ನಿಲ್ಲಿಸಿದರೆ ನಿಲ್ಲಲಾರರು. ಒಂದು ಸಾಲು ಬರೆಸಿ, ಅಂಗಿಯ ಗುಂಡಿ ಹಾಕಿಸಿ. "ಪೂರ್ತಿ ಸರಿಹೋಗಿದೆ" ಎಂದವರ ಬೆರಳುಗಳಲ್ಲಿ ಉಳಿದಿರುವ ಸಣ್ಣ ಎಡವಟ್ಟು ಆಗ ಹೊರಬರುತ್ತದೆ.

ಟಿಐಎಯಂತೆ ಕಾಣುವ ಬೇರೆ ತೊಂದರೆಗಳು

ಮೈಗ್ರೇನ್‌ನ ಮುನ್ಸೂಚನೆ ನಿಧಾನವಾಗಿ ಹರಡುತ್ತದೆ, ಸಾಮಾನ್ಯವಾಗಿ 5 ರಿಂದ 60 ನಿಮಿಷ ಇರುತ್ತದೆ, ತಲೆನೋವು ಬರಲೂಬಹುದು ಬಾರದೆಯೂ ಇರಬಹುದು. ಆದರೆ 50 ದಾಟಿದವರಿಗೆ ಜೀವನದಲ್ಲೇ ಮೊದಲ ಸಲ ಹೀಗಾದರೆ ಮೈಗ್ರೇನ್ ಎಂದು ಷರಾ ಬರೆದು ಮುಗಿಸಬೇಡಿ. ಫಿಟ್ಸ್ ಬಂದು ಹೋದ ಮೇಲೆ ಒಂದು ಕಡೆ ಕೈಕಾಲು ಕೆಲವು ಗಂಟೆ ಸೋತಿರಬಹುದು. ನಾಲಿಗೆ ಕಚ್ಚಿಕೊಂಡದ್ದು, ಬಟ್ಟೆ ಒದ್ದೆಯಾದದ್ದು, ಆಮೇಲೆ ಮಂಕು ಕವಿದದ್ದು ಅದರ ಸುಳಿವು. ಬರೀ ಪ್ರಜ್ಞೆ ತಪ್ಪಿ ಬಿದ್ದು ಎದ್ದರೆ, ಬೇರೆ ಯಾವ ಲಕ್ಷಣವೂ ಇಲ್ಲದಿದ್ದರೆ, ಅದು ಟಿಐಎ ಆಗುವುದು ಅಪರೂಪ; ಹೃದಯ, ಬಿಪಿ ಕಡೆ ನೋಡಬೇಕು. ಗಾಬರಿಯಲ್ಲಿ ಜೋರಾಗಿ ಉಸಿರಾಡಿದಾಗ ಎರಡೂ ಕೈ ಮತ್ತು ತುಟಿ ಸುತ್ತ ಜುಮ್ಮೆನ್ನುತ್ತದೆ. ಇದ್ದಕ್ಕಿದ್ದಂತೆ ಈಗಿನದೇನೂ ನೆನಪಿನಲ್ಲಿ ನಿಲ್ಲದೆ, ಕೇಳಿದ್ದನ್ನೇ ಹತ್ತಾರು ಸಲ ಕೇಳುತ್ತಾ, ತಾನ್ಯಾರೆಂದು ಮಾತ್ರ ಸರಿಯಾಗಿ ಹೇಳುವವರಿಗೆ ಆಗಿರುವುದು ತಾತ್ಕಾಲಿಕ ಮರೆವಿನ ಬೇರೆಯೇ ತೊಂದರೆ. ಅದೂ ಒಂದು ದಿನದೊಳಗೆ ಹೋಗುತ್ತದೆ, ಆದರೂ ವೈದ್ಯರೇ ನೋಡಿ ಹೇಳಬೇಕು.

ವಯಸ್ಸಾದವರು, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಇತ್ತೀಚೆಗೆ ಬಿದ್ದಿದ್ದರೆ ತಲೆಬುರುಡೆಯೊಳಗೆ ರಕ್ತ ನಿಂತಿರಬಹುದು. ಅದೂ ಬಂದು ಹೋಗುವ ಲಕ್ಷಣ ತೋರಿಸುತ್ತದೆ. ಇಂಥವರಿಗೆ ಕೂಡಲೇ ಸಿಟಿ ಸ್ಕ್ಯಾನ್ ಬೇಕು.

ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ಕತ್ತಿನ ರಕ್ತನಾಳ ತೀರಾ ಕಿರಿದಾದವರಲ್ಲಿ, ಎದ್ದು ನಿಂತಾಗ ಒಂದು ಕೈ ಅಥವಾ ಕಾಲು ಕೆಲ ಹೊತ್ತು ಅದುರುವುದು ಟಿಐಎಯೇ ಆಗಿರಬಹುದು. ಅದನ್ನು ಫಿಟ್ಸ್ ಎಂದುಕೊಳ್ಳುವುದು ಸುಲಭ. ಚಿಕ್ಕ ವಯಸ್ಸಿನವರು ಕತ್ತು ಉಳುಕಿದ ಮೇಲೆ ಅಥವಾ ಪೆಟ್ಟಾದ ಮೇಲೆ ಹೊಸ ಕತ್ತುನೋವಿನ ಜೊತೆ ಹೀಗೆ ಬಂದರೆ, ಕತ್ತಿನ ರಕ್ತನಾಳದ ಒಳಪದರ ಸೀಳಿರಬಹುದೇ ಎಂದು ನೋಡಬೇಕು. "ಈ ವಯಸ್ಸಿಗೆ ಎಲ್ಲಿಯ ಸ್ಟ್ರೋಕ್" ಎನ್ನಬೇಡಿ.

ಅಂಕ ನೋಡಿ ನೆಮ್ಮದಿ ಪಡಬೇಡಿ

ಟಿಐಎ ನಂತರ ಸ್ಟ್ರೋಕ್ ಆಗುವ ಅಪಾಯವನ್ನು ಅಂದಾಜು ಮಾಡುವ ಎಬಿಸಿಡಿ2 ಎಂಬ ಅಂಕಪಟ್ಟಿ 2007ರಿಂದ ಬಳಕೆಯಲ್ಲಿದೆ. ವಯಸ್ಸು 60 ಅಥವಾ ಹೆಚ್ಚಿದ್ದರೆ 1. ಬಿಪಿ 140/90 ಅಥವಾ ಮೇಲಿದ್ದರೆ 1. ಒಂದು ಕಡೆ ಬಲ ಕುಂದಿದ್ದರೆ 2, ಬಲ ಕುಂದದೆ ಮಾತು ಮಾತ್ರ ಕೆಟ್ಟಿದ್ದರೆ 1. ಲಕ್ಷಣ 60 ನಿಮಿಷ ಅಥವಾ ಹೆಚ್ಚು ಇದ್ದರೆ 2, 10ರಿಂದ 59 ನಿಮಿಷ ಇದ್ದರೆ 1. ಸಕ್ಕರೆ ಕಾಯಿಲೆ ಇದ್ದರೆ 1. ಒಟ್ಟು 7.

ಈಗ 45 ವರ್ಷದ ಒಬ್ಬರನ್ನು ತೆಗೆದುಕೊಳ್ಳಿ. ಬಿಪಿ ಸರಿ ಇದೆ, ಸಕ್ಕರೆ ಕಾಯಿಲೆ ಇಲ್ಲ. 5 ನಿಮಿಷ ಒಂದು ಕಣ್ಣು ಕತ್ತಲಾಗಿತ್ತು. ಅವರ ಅಂಕ ಸೊನ್ನೆ. ಆದರೆ ಕತ್ತಿನ ರಕ್ತನಾಳ ಮುಚ್ಚುವ ಹಂತದಲ್ಲಿರಬಹುದು! ಕಡಿಮೆ ಅಂಕ ಬಂತೆಂದು ಯಾರನ್ನೂ ಮನೆಗೆ ಕಳಿಸಬಾರದು ಎನ್ನುವುದು ಇದಕ್ಕೇ. ಬ್ರಿಟನ್‌ನ ಮಾರ್ಗಸೂಚಿ 2019ರಲ್ಲಿ, ಯಾರನ್ನು ಬೇಗ ನೋಡಬೇಕು ಎಂದು ತೀರ್ಮಾನಿಸಲು ಇಂಥ ಅಂಕ ಬಳಸಬೇಡಿ ಎಂದಿತು. ಔಷಧ ಎಷ್ಟು ಬಲವಾಗಿರಬೇಕು ಎಂದು ಯೋಚಿಸುವಾಗ ಮಾತ್ರ ವೈದ್ಯರಿಗೆ ಈ ಅಂಕ ಉಪಯೋಗಕ್ಕೆ ಬರುತ್ತದೆ.

ಹಂತ 4: ಮುಂದಿನವರಿಗೆ ಹೇಳುವುದು

ಆಂಬ್ಯುಲೆನ್ಸ್‌ನವರಿಂದ ನರ್ಸ್‌ಗೆ, ಅವರಿಂದ ವೈದ್ಯರಿಗೆ ಹೋಗುವಾಗ ವಿವರ ಸವೆಯುತ್ತದೆ. "ತಲೆಸುತ್ತು, ಈಗ ಆರಾಮ" ಎಂದಷ್ಟೇ ಕೊನೆಗೆ ಉಳಿದರೆ ರೋಗಿ ಸಾಲಿನ ಹಿಂದಕ್ಕೆ ಹೋಗುತ್ತಾರೆ. ಹೀಗೆ ಹೇಳಿ ನೋಡಿ:

"62 ವರ್ಷದ ಗಂಡಸು. ಬೆಳಗ್ಗೆ 9.40ರವರೆಗೆ ಸರಿ ಇದ್ದರು. ಆಗ ಇದ್ದಕ್ಕಿದ್ದಂತೆ ಬಲಗೈ ಎತ್ತಲಾಗಲಿಲ್ಲ, ಪದಗಳು ತಪ್ಪಿದವು. ಹೆಂಡತಿ ಕಂಡಿದ್ದಾರೆ, ಅವರ ನಂಬರ್ ಇಲ್ಲಿದೆ. 15 ನಿಮಿಷದಲ್ಲಿ ಪೂರ್ತಿ ಹೋಯಿತು. ನಿನ್ನೆ ಸಂಜೆಯೂ 5 ನಿಮಿಷ ಹೀಗಾಗಿತ್ತು. ಪ್ರಜ್ಞೆ ತಪ್ಪಿಲ್ಲ, ಫಿಟ್ಸ್ ಇಲ್ಲ. ಶುಗರ್ 128, ಬಿಪಿ 164/92, ನಾಡಿ ಅಡ್ಡಾದಿಡ್ಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿಲ್ಲ. ಟಿಐಎ ಅನುಮಾನ."

ಅರ್ಧ ನಿಮಿಷವೂ ಬೇಕಿಲ್ಲ. ಇದನ್ನು ಕೇಳಿದ ಯಾವ ವೈದ್ಯರೂ ಆ ರೋಗಿಯನ್ನು ಕಾಯಿಸುವುದಿಲ್ಲ. ಮನೆಯವರೂ ಇದೇ ಕ್ರಮದಲ್ಲಿ ಒಂದು ಚೀಟಿಯಲ್ಲಿ ಬರೆದು, ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಜೊತೆಗೆ ಒಯ್ದರೆ ಸಾಕು.

ಆಸ್ಪತ್ರೆಯಲ್ಲಿ ಏನಾಗಬೇಕು

ಮಿದುಳಿನ ಸ್ಕ್ಯಾನ್, ಅದು ಎಂಆರ್‌ಐ ಆದರೆ ಒಳ್ಳೆಯದು. ಕತ್ತು ಮತ್ತು ತಲೆಯ ರಕ್ತನಾಳಗಳ ಚಿತ್ರ, ಇದನ್ನು "ಆಮೇಲೆ ಮಾಡಿಸಿ" ಎಂದರೆ ಯಾಕೆ ಎಂದು ಕೇಳಿ. ಹೃದಯದ ಲಯದ ಮೇಲೆ ಕಣ್ಣು, ಬೇಕಾದರೆ ದಿನಗಟ್ಟಲೆ. ರಕ್ತಸ್ರಾವ ಇಲ್ಲ ಎಂದು ಖಚಿತವಾದ ಮೇಲೆ, ಅಪಾಯ ಹೆಚ್ಚಿರುವವರಿಗೆ ಸಾಮಾನ್ಯವಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೊಪಿಡೋಗ್ರೆಲ್ ಎರಡನ್ನೂ ಸುಮಾರು 21 ದಿನ ಕೊಟ್ಟು, ಆಮೇಲೆ ಒಂದನ್ನು ಮುಂದುವರಿಸುತ್ತಾರೆ. ಎರಡನ್ನೂ ತಾವಾಗಿ ತಿಂಗಳುಗಟ್ಟಲೆ ಎಳೆಯಬಾರದು, ರಕ್ತಸ್ರಾವದ ಅಪಾಯ ಏರುತ್ತದೆ. ಹೃದಯದ ಲಯದೋಷ ಇದ್ದರೆ ಔಷಧವೇ ಬೇರೆ. ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ಇರುತ್ತದೆ. ಲಕ್ಷಣ ಕೊಟ್ಟ ಕಡೆಯ ಕತ್ತಿನ ನಾಳ ಶೇ. 70ಕ್ಕಿಂತ ಹೆಚ್ಚು ಕಿರಿದಾಗಿದ್ದರೆ ಶಸ್ತ್ರಚಿಕಿತ್ಸೆ ತುಂಬ ಉಪಕಾರಿ. ಅದನ್ನು ಎರಡು ವಾರದೊಳಗೆ ಮಾಡಿಸಿದರೆ ಲಾಭ ಹೆಚ್ಚು, ತಿಂಗಳು ಕಳೆದಂತೆ ಲಾಭ ಕರಗುತ್ತದೆ.

ಮನೆಗೆ ಕಳಿಸುವ ಮುನ್ನ ಮೂರು ಸಂಗತಿ ಕೇಳಿಕೊಳ್ಳಿ. ಚೂರು ಎಲ್ಲಿಂದ ಬಂತು ಎಂದು ತಿಳಿಯಿತಾ? ಯಾವ ಮಾತ್ರೆ ಎಷ್ಟು ದಿನ? ಮುಂದಿನ ಭೇಟಿ ಯಾವ ತಾರೀಖು? ಗಾಡಿ ಓಡಿಸುವ ಬಗ್ಗೆಯೂ ಕೇಳಿ. ಬ್ರಿಟನ್‌ನಲ್ಲಿ ಟಿಐಎ ಆದವರು ಕನಿಷ್ಠ ಒಂದು ತಿಂಗಳು ಕಾರು ಓಡಿಸುವಂತಿಲ್ಲ. ನಿಮ್ಮಲ್ಲಿಯ ನಿಯಮ ಏನಿದ್ದರೂ ವೈದ್ಯರು ಹೂಂ ಎನ್ನುವವರೆಗೆ ಸ್ಟಿಯರಿಂಗ್ ಬೇರೆಯವರ ಕೈಯಲ್ಲಿರಲಿ.

ಲಕ್ಷಣ ಮತ್ತೆ ಬಂದರೆ ಗಡಿಯಾರ ಸೊನ್ನೆಯಿಂದ ಶುರು. "ಹೋದ ಸಲದ ಹಾಗೆ ತಾನಾಗಿ ಹೋಗುತ್ತದೆ" ಎಂದು ಕಾಯದೆ ಹೊಸ ಹೊತ್ತು ಬರೆದುಕೊಂಡು ಆಂಬ್ಯುಲೆನ್ಸ್ ಕರೆಸಿ. ಟಿಐಎ ಆಗಿ ಎಷ್ಟು ದಿನವಾಯಿತು, ಯಾವ ಮಾತ್ರೆಗಳು ನಡೆಯುತ್ತಿವೆ, ಕೊನೆಯದನ್ನು ಯಾವಾಗ ನುಂಗಿದ್ದು ಎಂಬುದನ್ನು ಫೋನ್‌ನಲ್ಲೇ ಹೇಳಿಬಿಡಿ.